ಬರೀ ಕೆಟಲ್ ಇರುವವರ ಪೆಟ್ಟಿಗೆ

‘ಮನೆಯಲ್ಲಿ ಒಲೆ ಇದೆಯಾ, ಇಲ್ಲಾ ಕೆಟಲ್ ಮಾತ್ರವಾ?’

ನಾನು ಶುಕ್ರವಾರ ಮಧ್ಯಾಹ್ನ ಕೆಲಸ ಮಾಡುವ ಫುಡ್ ಬ್ಯಾಂಕಿನಲ್ಲಿ, ಬಂದವರಿಗೆ ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದೊಂದು. ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಒಂದು ಹಳೆಯ ಗಿರಣಿ ಊರು ಇದು. ಫುಡ್ ಬ್ಯಾಂಕ್ ಇರುವುದು ಚರ್ಚಿನ ಹಿಂದಿನ ಹಾಲಿನಲ್ಲಿ. ನೆಲದ ಮೇಲೆ ಬ್ಯಾಡ್ಮಿಂಟನ್ ಗೆರೆಗಳು, ಗೋಡೆಯ ಮೇಲೆ ಮಕ್ಕಳು ಬಿಡಿಸಿದ ನೋಹನ ಹಡಗು. ನನಗೆ ಸಂಬಳದ ಕೆಲಸ ವಾರಕ್ಕೆ ನಾಲ್ಕೇ ದಿನ. ಐದನೆಯ ದಿನ ಇಲ್ಲಿ ಡಬ್ಬಿ ಜೋಡಿಸುತ್ತೇನೆ, ಚಹಾ ಮಾಡುತ್ತೇನೆ, ಚೀಟಿ ನೋಡಿ ಪೆಟ್ಟಿಗೆ ತುಂಬುತ್ತೇನೆ. ಮೂರು ವರ್ಷವಾಯಿತು.

ಆ ಪ್ರಶ್ನೆಗೆ ಬರುವ ಉತ್ತರದ ಮೇಲೆ ಪೆಟ್ಟಿಗೆ ಬದಲಾಗುತ್ತದೆ. ಒಲೆ ಇದ್ದವರಿಗೆ ಪಾಸ್ತಾ, ಅಕ್ಕಿ, ಡಬ್ಬಿಯ ಟೊಮೆಟೊ, ಬೇಯಿಸಿದ ಬೀನ್ಸ್, ಮೀನಿನ ಡಬ್ಬಿ, ಬೇಗ ಕೆಡದ ಹಾಲು, ಚಹಾಪುಡಿ, ಬಿಸ್ಕತ್ತು. ಕೆಟಲ್ ಮಾತ್ರ ಇದ್ದವರಿಗೆ ಬಿಸಿನೀರು ಹುಯ್ದರೆ ಸಾಕು ಎನ್ನುವಂಥವು: ಕಪ್ ಸೂಪು, ನೂಡಲ್ಸ್, ಓಟ್ಸಿನ ಸಣ್ಣ ಪೊಟ್ಟಣ, ಆಲೂಗಡ್ಡೆಯ ಪುಡಿ. ಅದೂ ಇಲ್ಲದವರಿಗೆ ಮೂರನೆಯ ಬಗೆಯದು, ಎಲ್ಲವನ್ನೂ ತಣ್ಣಗೇ ತಿನ್ನಬಹುದಾದ ಪೆಟ್ಟಿಗೆ. ಇದಕ್ಕೆ ಹಾಕುವ ಡಬ್ಬಿಗಳ ಮುಚ್ಚಳಕ್ಕೆ ಎಳೆದು ತೆಗೆಯುವ ಉಂಗುರ ಇರಲೇಬೇಕು. ಡಬ್ಬಿ ಕೊರೆಯುವ ಸಾಧನ ಅವರ ಹತ್ತಿರ ಇದ್ದೀತು ಎಂದು ನಂಬಿ ಕಳಿಸುವ ಹಾಗಿಲ್ಲ.

ಇಂಥ ದೇಶದಲ್ಲಿ ಒಲೆ ಇಲ್ಲದ ಮನೆ ಇರುತ್ತದೆಯೇ ಎಂದು ಊರಿಂದ ಫೋನ್ ಮಾಡಿದ ಗೆಳೆಯರು ಕೇಳುತ್ತಾರೆ. ಇರುತ್ತದೆ. ಬಾಡಿಗೆ ಕಟ್ಟಲಾಗದೆ ಹೊರಬಿದ್ದ ಸಂಸಾರವನ್ನು ಇಲ್ಲಿನ ಕೌನ್ಸಿಲ್ಲು ತಾತ್ಕಾಲಿಕವಾಗಿ ಅಗ್ಗದ ಹೋಟೆಲಿನ ಒಂದು ಕೋಣೆಯಲ್ಲಿ ಇರಿಸುತ್ತದೆ. ಆ ಕೋಣೆಯಲ್ಲಿ ಎರಡು ಮಂಚ, ಒಂದು ಟೀವಿ, ಒಂದು ಕೆಟಲ್. ತಾತ್ಕಾಲಿಕ ಎನ್ನುವುದು ತಿಂಗಳುಗಟ್ಟಲೆ ಎಳೆಯುತ್ತದೆ. ಇನ್ನು ಕೆಲವರಿಗೆ ನಾಲ್ಕು ಉರಿಯ ಒಲೆಯೇ ಇದೆ, ಅದಕ್ಕೆ ಕರೆಂಟಿಲ್ಲ. ಲಕ್ಷಾಂತರ ಬಡ ಮನೆಗಳಲ್ಲಿ ವಿದ್ಯುತ್ತಿಗೂ ಗ್ಯಾಸಿಗೂ ಇರುವುದು ಮುಂಗಡ ಮೀಟರು. ಮೂಲೆಯಂಗಡಿಗೆ ಹೋಗಿ ಕಾರ್ಡಿಗೆ ದುಡ್ಡು ತುಂಬಿಸಿಕೊಂಡು ಬಂದು ಮೀಟರಿಗೆ ಚುಚ್ಚಬೇಕು. ಒಂದು ದೀಪ ಹಚ್ಚದಿದ್ದರೂ ದಿನಬಾಡಿಗೆ ಎಂದು ಒಂದಿಷ್ಟು ಕಡಿತವಾಗುತ್ತಲೇ ಇರುತ್ತದೆ. ಹಳೆಯ ಬಾಕಿ ಇದ್ದರೆ ಅದೂ ಸೇರಿ. ಹತ್ತು ಪೌಂಡ್ ಹಾಕಿದವಳಿಗೆ ಹತ್ತು ಪೌಂಡಿನ ಬೆಳಕು ಸಿಗುವುದಿಲ್ಲ. ಒಬ್ಬ ಹೆಂಗಸು ನನ್ನ ಕೈಯಿಂದ ಪಾಸ್ತಾ ಪೊಟ್ಟಣ ತೆಗೆದುಕೊಂಡು ಹಿಂದೆ ಬರೆದ ಅಕ್ಷರ ಓದಿ, ‘ಇದು ಹನ್ನೆರಡು ನಿಮಿಷ ಬೇಯಬೇಕು, ಮೂರು ನಿಮಿಷದ್ದು ಏನಾದರೂ ಇದೆಯಾ?’ ಎಂದಳು. ನಮ್ಮಲ್ಲಿ ಸೌದೆ ಎಣಿಸಿ ಒಲೆ ಹಚ್ಚುತ್ತಿದ್ದವರನ್ನು ನಾನು ಕಂಡಿದ್ದೇನೆ. ನಿಮಿಷ ಎಣಿಸಿ ಅಡುಗೆ ಆರಿಸುವವರನ್ನು ಕಂಡದ್ದು ಇಲ್ಲಿಯೇ.

ಅದು 2023ರ ಚಳಿಗಾಲ. ಆ ವರ್ಷ ಮಾರ್ಚಿನಲ್ಲಿ ಆಹಾರದ ಬೆಲೆಗಳು ಹಿಂದಿನ ವರ್ಷಕ್ಕಿಂತ ಶೇಕಡಾ 19ರಷ್ಟು ಏರಿದ್ದವು. ನಲವತ್ತೈದು ವರ್ಷಗಳಲ್ಲಿ ಅಂಥದ್ದು ಆಗಿರಲಿಲ್ಲ. ಬಿಲ್ಲು ಕಟ್ಟದವರ ಮನೆಗೆ ಕೋರ್ಟಿನ ವಾರಂಟು ಹಿಡಿದು ನುಗ್ಗಿ ಮುಂಗಡ ಮೀಟರು ಕೂರಿಸುತ್ತಿದ್ದುದು ಬಯಲಾಗಿ, ಫೆಬ್ರುವರಿಯಲ್ಲಿ ನಿಯಂತ್ರಣ ಸಂಸ್ಥೆ ಅದನ್ನು ನಿಲ್ಲಿಸಲು ಹೇಳಬೇಕಾಯಿತು.

‘ಬ್ಯಾಂಕ್’ ಎನ್ನುವ ಪದವನ್ನು ಯಾರು ಇದಕ್ಕೆ ಹಚ್ಚಿದರೋ. ಬ್ಯಾಂಕಿನಲ್ಲಿ ನಾವು ಇಟ್ಟದ್ದನ್ನು ನಾವೇ ತೆಗೆಯುತ್ತೇವೆ, ಪಾಸ್‌ಬುಕ್ಕು ಇರುತ್ತದೆ, ಕೊಡದಿದ್ದರೆ ಮ್ಯಾನೇಜರನ ಟೇಬಲ್ಲಿನ ಮುಂದೆ ನಿಲ್ಲಬಹುದು. ಇಲ್ಲಿ ಇಡುವವರು ಬೇರೆ, ತೆಗೆಯುವವರು ಬೇರೆ. ಇಂಥ ಮೊದಲ ಫುಡ್ ಬ್ಯಾಂಕು 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬಾತ ಆರಂಭಿಸಿದ್ದು. ಬ್ರಿಟನ್ನಿನಲ್ಲಿ ಇದು ತೀರಾ ಇತ್ತೀಚಿನದು. ಪ್ಯಾಡಿ ಮತ್ತು ಕ್ಯಾರಲ್ ಹೆಂಡರ್ಸನ್ ದಂಪತಿ ಬಲ್ಗೇರಿಯಾದ ಬಡ ಮಕ್ಕಳಿಗೆ ನೆರವಾಗಲೆಂದು 1997ರಲ್ಲಿ ಟ್ರಸೆಲ್ ಟ್ರಸ್ಟ್ ಕಟ್ಟಿದರು. ತಮ್ಮ ಊರು ಸಾಲ್ಸ್‌ಬರಿಯಲ್ಲೇ ಹಸಿದ ಮಕ್ಕಳಿದ್ದಾರೆ ಎಂದು ಗೊತ್ತಾದ ಮೇಲೆ 2000ದಲ್ಲಿ ಸ್ವಂತ ಮನೆಯ ಗ್ಯಾರೇಜು ಮತ್ತು ತೋಟದ ಶೆಡ್ಡಿನಲ್ಲಿ ಡಬ್ಬಿಗಳನ್ನು ಪೇರಿಸಿಡಲು ತೊಡಗಿದರು. 2008–09ರಲ್ಲಿ ಆ ಜಾಲ ಹಂಚಿದ್ದು ಸುಮಾರು 26 ಸಾವಿರ ಮಂದಿಗೆ. 2013–14ರಲ್ಲಿ ಅದು 9 ಲಕ್ಷ ದಾಟಿತು. 2023–24ರಲ್ಲಿ 31 ಲಕ್ಷ ಪೊಟ್ಟಣ, ಅದರಲ್ಲಿ 11 ಲಕ್ಷಕ್ಕೂ ಹೆಚ್ಚು ಮಕ್ಕಳ ಪಾಲಿನವು. ಮರುವರ್ಷ ತುಸು ಇಳಿದು 29 ಲಕ್ಷದ ಹತ್ತಿರಕ್ಕೆ ಬಂದಾಗ ಪತ್ರಿಕೆಗಳಲ್ಲಿ ಅದು ಒಳ್ಳೆಯ ಸುದ್ದಿಯ ಧಾಟಿಯಲ್ಲಿ ಬಂತು. ಈ ಜಾಲಕ್ಕೆ ಸೇರದೆ ತಮ್ಮಷ್ಟಕ್ಕೆ ನಡೆಯುವ ನೂರಾರು ಫುಡ್ ಬ್ಯಾಂಕುಗಳು ಈ ಲೆಕ್ಕದಲ್ಲಿಲ್ಲ.

ಏಕೆ ಹೀಗಾಯಿತು ಎನ್ನುವುದು ಇಲ್ಲಿ ದಿನವೂ ಜಗಳವಾಗುವ ವಿಷಯ. ಫುಡ್ ಬ್ಯಾಂಕು ಇರುವುದರಿಂದಲೇ ಜನ ಬರುತ್ತಾರೆ ಎಂದು ವಾದಿಸುವ ರಾಜಕಾರಣಿಗಳೂ ಇದ್ದಾರೆ. ಆಸ್ಪತ್ರೆ ಇರುವುದರಿಂದ ಜ್ವರ ಬರುತ್ತದೆ ಎಂದ ಹಾಗೆ. ನಾನು ಚೀಟಿಗಳಲ್ಲಿ ಓದುವ ಕಾರಣಗಳು ಮತ್ತೆ ಮತ್ತೆ ಅವೇ. 2010ರ ನಂತರ ಸರ್ಕಾರ ಖರ್ಚು ಕಡಿಮೆ ಮಾಡುತ್ತ ಬಂತು. 2013ರಲ್ಲಿ ಹಳೆಯ ಆರು ಬಗೆಯ ನೆರವುಗಳನ್ನು ಒಟ್ಟುಗೂಡಿಸಿ ಯೂನಿವರ್ಸಲ್ ಕ್ರೆಡಿಟ್ ಎಂದು ಮಾಡಿದರು. ಅದಕ್ಕೆ ಅರ್ಜಿ ಹಾಕಿದವರಿಗೆ ಮೊದಲ ದುಡ್ಡು ಬರುವುದು ಐದು ವಾರದ ನಂತರ. ಅಲ್ಲಿಯವರೆಗೆ ಮುಂಗಡ ತೆಗೆದುಕೊಳ್ಳಬಹುದು, ಆದರೆ ಅದು ಸಾಲ. ಮುಂದಿನ ಕಂತುಗಳಿಂದ ಮುರಿದುಕೊಳ್ಳುತ್ತಾರೆ. ಕೆಲಸ ಕಳೆದುಕೊಂಡವನ ಮನೆಯಲ್ಲಿ ಐದು ವಾರದ ದಿನಸಿ ಇರುತ್ತದೆಂದು ಯಾರು ಲೆಕ್ಕ ಹಾಕಿದರೋ. ಬರುವವರೆಲ್ಲ ನಿರುದ್ಯೋಗಿಗಳೂ ಅಲ್ಲ. ವೃದ್ಧಾಶ್ರಮದಲ್ಲಿ ಮುದುಕರಿಗೆ ಊಟ ಮಾಡಿಸಿ, ಅದೇ ಸಮವಸ್ತ್ರದಲ್ಲಿ ನಮ್ಮ ಹಾಲಿಗೆ ಬಂದು, ತನ್ನ ಪೆಟ್ಟಿಗೆ ತೆಗೆದುಕೊಂಡು ಹೋಗುವವರನ್ನು ನೋಡುತ್ತೇನೆ.

ಚೀಟಿಯ ವಿಷಯ ಹೇಳಬೇಕು. ನಮ್ಮಲ್ಲಿಗೆ ಯಾರೂ ನೇರವಾಗಿ ಬಂದು ಕೇಳುವಂತಿಲ್ಲ. ಡಾಕ್ಟರೋ, ಶಾಲೆಯೋ, ಸಮಾಜ ಕಾರ್ಯಕರ್ತರೋ, ಸಲಹಾ ಕೇಂದ್ರದವರೋ ‘ಇವರಿಗೆ ನಿಜಕ್ಕೂ ಕಷ್ಟವಿದೆ’ ಎಂದು ಚೀಟಿ ಬರೆದುಕೊಡಬೇಕು. ಅದರಲ್ಲಿ ಎಷ್ಟು ಜನ, ಎಷ್ಟು ಮಕ್ಕಳು, ಕಾರಣ ಏನು ಎಂದಿರುತ್ತದೆ. ಅದಕ್ಕೆ ಮೂರು ದಿನದ ಆಹಾರ. ನಾವು ಚೀಟಿ ತೆಗೆದುಕೊಂಡು ಚಹಾ ಕೊಟ್ಟು ಕೂರಿಸುತ್ತೇವೆ. ಪೆಟ್ಟಿಗೆ ತುಂಬುವಷ್ಟು ಹೊತ್ತು ಅವರು ಬಿಸ್ಕತ್ತನ್ನು ಮುಟ್ಟದೆ ಕೂತಿರುತ್ತಾರೆ. ಎದ್ದು ಹೋಗುವಾಗ ಎರಡೆರಡು ಸಲ ಥ್ಯಾಂಕ್ಯೂ, ಮೂರನೆಯ ಸಲ ಸಾರಿ. ಏತಕ್ಕೆ ಸಾರಿ ಎಂದು ಯಾರೂ ಕೇಳುವುದಿಲ್ಲ.

ನನ್ನ ಅಜ್ಜಿ ಗದಗಿನಲ್ಲಿ ರೇಷನ್ ಅಂಗಡಿಯ ಮುಂದೆ ನಿಂತಾಗ ಥ್ಯಾಂಕ್ಸ್ ಹೇಳಿದ್ದನ್ನು ನಾನು ನೋಡಿಲ್ಲ. ಸಕ್ಕರೆ, ಸೀಮೆಎಣ್ಣೆ, ಗೋಧಿ ತರಲು ಅವಳ ಸೆರಗು ಹಿಡಿದು ನಾನೂ ಹೋಗುತ್ತಿದ್ದೆ. ತಕ್ಕಡಿಯ ಮುಳ್ಳಿನ ಮೇಲೆ ಅವಳ ಕಣ್ಣು. ಅಂಗಡಿಯವ ತಟ್ಟೆಯನ್ನು ಕಿರುಬೆರಳಿನಿಂದ ಒತ್ತಿದರೆ ಸಾಕು, ‘ತೂಕ ಸರಿ ಹಾಕೋ, ಇದೇನು ನಿಮ್ಮಪ್ಪನ ಮನೀದಲ್ಲ, ಸರಕಾರದ್ದು’ ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಹಿಂದೆ ನಿಂತವರು ನಗುತ್ತ ಅವಳ ಪರ ವಹಿಸುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಅವಳಿಗೆ ಕಿಂಚಿತ್ತೂ ಇಲ್ಲ. ಅಲ್ಲಿ ಬೇಕಾದಷ್ಟು ಕಲಬೆರಕೆ, ಕಳ್ಳತನ, ‘ಸ್ಟಾಕಿಲ್ಲ, ನಾಳೆ ಬಾ’ ಎಲ್ಲವೂ ಇತ್ತು. ಆದರೆ ಕೈಯಲ್ಲಿ ಕಾರ್ಡಿತ್ತು, ಕಾರ್ಡಿನಲ್ಲಿ ಇಂತಿಷ್ಟು ಎಂದು ಬರೆದಿತ್ತು, ಬರೆದದ್ದು ಕೊಡದಿದ್ದರೆ ಬಯ್ಯಬಹುದಿತ್ತು. ಫುಡ್ ಬ್ಯಾಂಕಿನಲ್ಲಿ ನಾನು ಕಾಣದೆ ಇರುವುದು ಆ ಬಯ್ಗುಳ. ದಾನವಾಗಿ ಬಂದ ಡಬ್ಬಿಯನ್ನು ಹಿಡಿದು ಯಾರಾದರೂ ‘ಇದು ಕಡಿಮೆಯಾಯಿತು’ ಎನ್ನಲು ಹೇಗೆ ಸಾಧ್ಯ? ಒಬ್ಬ ಬಾಂಗ್ಲಾ ಮೂಲದ ತಾಯಿ, ಮನೆಯಲ್ಲಿ ಐದು ಜನ, ನಾನು ಇಟ್ಟ ಅರ್ಧ ಕಿಲೋ ಅಕ್ಕಿಯ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಅನ್ನ ಉಣ್ಣುವ ನಮ್ಮಿಬ್ಬರಿಗೂ ಅದು ಎಷ್ಟು ಹೊತ್ತಿಗೆ ಎಂದು ಗೊತ್ತಿತ್ತು. ಅವಳು ಥ್ಯಾಂಕ್ಯೂ ಎಂದಳು. ಅವತ್ತು ಶೆಲ್ಫಿನಲ್ಲಿ ಇದ್ದ ಅಕ್ಕಿಯೇ ಅಷ್ಟು.

ಹಾಗೆಂದು ಲ್ಯಾಂಕಶೈರಿನ ಬಡವರು ಯಾವಾಗಲೂ ಹೀಗೆ ಮೆತ್ತಗಿದ್ದವರೇನಲ್ಲ. ಇಲ್ಲಿನ ಚರಿತ್ರೆ ಓದುವಾಗ ನನಗೆ ನಮ್ಮೂರೇ ಎದುರಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ, ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು, ಹತ್ತಿ ಬರುವುದು ನಿಂತಿತು. ಗಿರಣಿಗಳು ಮುಚ್ಚಿದವು, ಲಕ್ಷಾಂತರ ಕಾರ್ಮಿಕರು ಸೂಪಿನ ಸಾಲಿನಲ್ಲಿ ನಿಂತರು. ಅದನ್ನು ‘ಹತ್ತಿ ಬರಗಾಲ’ ಎಂದೇ ಕರೆಯುತ್ತಾರೆ. ಆಗ ಮ್ಯಾಂಚೆಸ್ಟರಿನ ಸಾಹುಕಾರರ ಕಣ್ಣು ಬಿದ್ದದ್ದು ಹಿಂದೂಸ್ತಾನದ ಹತ್ತಿಯ ಮೇಲೆ, ಅದರಲ್ಲೂ ಅಮೆರಿಕದ ಬೀಜ ತಂದು ಬೆಳೆಸಿದ್ದ ಧಾರವಾಡ ಸೀಮೆಯ ಹತ್ತಿಯ ಮೇಲೆ. ಗದಗ ಹುಬ್ಬಳ್ಳಿಗಳ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ಇಲ್ಲಿನ ಪೇಟೆಯಲ್ಲಿ ಅದರ ಒಂದು ಬಗೆಗೆ ಕುಮಟಾ ಎಂದೇ ಹೆಸರಿತ್ತು. ನನ್ನ ಅಜ್ಜಿಯ ಅಜ್ಜಂದಿರು ಎರೆಹೊಲದಲ್ಲಿ ಬಿಡಿಸಿದ ಅರಳೆ ಈ ಊರಿನ ಯಾವುದಾದರೂ ಗಿರಣಿಗೆ ಬಂದಿದ್ದರೂ ಬಂದಿರಬಹುದು.

ಅದಿರಲಿ, ನಾನು ಹೇಳಹೊರಟದ್ದು ಸ್ಟೇಲಿಬ್ರಿಜ್ ಎಂಬ ಊರಿನ ಗಲಾಟೆಯನ್ನು. 1863ರ ಮಾರ್ಚಿನಲ್ಲಿ ಅಲ್ಲಿನ ಪರಿಹಾರ ಸಮಿತಿಯವರು ಕಾರ್ಮಿಕರಿಗೆ ಕೊಡುತ್ತಿದ್ದ ಹಣವನ್ನು ಕಡಿತ ಮಾಡಿ, ಅದನ್ನೂ ಕೈಗೆ ಕೊಡದೆ ಚೀಟಿ ಕೊಡುತ್ತೇವೆ, ಗೊತ್ತುಮಾಡಿದ ಅಂಗಡಿಯಲ್ಲಿ ದಿನಸಿ ತಗೊಳ್ಳಿ ಎಂದರು. ಕಾರ್ಮಿಕರು ಚೀಟಿ ಬೇಡವೆಂದರು. ಕಿಟಕಿಗಳು ಒಡೆದವು, ಅಂಗಡಿಗಳು ಲೂಟಿಯಾದವು, ಕುದುರೆ ಸವಾರಿ ಪಡೆಯನ್ನು ಕರೆಸಬೇಕಾಯಿತು. ಲೂಟಿಯನ್ನು ನಾನು ಹೊಗಳುತ್ತಿಲ್ಲ. ಆದರೆ ಹಸಿದಿದ್ದರೂ ಚೀಟಿ ಬೇಡ, ದುಡ್ಡು ಕೊಡಿ ಎಂದವರ ಊರಿನಿಂದ ಹೆಚ್ಚು ದೂರವಿಲ್ಲದ ನಮ್ಮ ಹಾಲಿನಲ್ಲಿ, 160 ವರ್ಷಗಳ ನಂತರ, ಅವರ ಮರಿಮಕ್ಕಳ ಚೀಟಿಗಳನ್ನು ನಾನು ಫೈಲು ಮಾಡುತ್ತಿದ್ದೇನೆ. ಈಚೆಗೆ ಇಲ್ಲಿನ ಸ್ವತಂತ್ರ ಫುಡ್ ಬ್ಯಾಂಕುಗಳ ಒಕ್ಕೂಟವೂ ಹೇಳುತ್ತಿರುವುದು ಅದನ್ನೇ: ಮೊದಲು ದುಡ್ಡು ಕೊಡಿ, ಏನು ತಿನ್ನಬೇಕೆಂದು ಅವರಿಗೆ ಗೊತ್ತಿದೆ.

ಕಾನೂನಿನ ಮಾತಿಗೆ ಬಂದರೆ, ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯ 11ನೆಯ ವಿಧಿಯಲ್ಲಿ ಸಾಕಷ್ಟು ಆಹಾರ ಪ್ರತಿಯೊಬ್ಬರ ಹಕ್ಕು ಎಂದಿದೆ. ಬ್ರಿಟನ್ 1976ರಲ್ಲಿ ಅದನ್ನು ಒಪ್ಪಿಕೊಂಡಿದೆ. ಆದರೆ ಅದನ್ನು ತನ್ನ ದೇಶದ ಕಾನೂನಾಗಿ ಮಾಡಿಕೊಂಡಿಲ್ಲ. ಆದ್ದರಿಂದ ಹಸಿದವನೊಬ್ಬ ಆ ವಿಧಿಯನ್ನು ಹಿಡಿದು ಇಲ್ಲಿನ ಕೋರ್ಟಿಗೆ ಹೋಗಲಾರ. ಅಮೆರಿಕವಂತೂ 1977ರಲ್ಲಿ ಸಹಿ ಹಾಕಿದ್ದು ಬಿಟ್ಟರೆ ಇವತ್ತಿಗೂ ಅನುಮೋದಿಸಿಲ್ಲ. 2021ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆಹಾರದ ಹಕ್ಕಿನ ನಿರ್ಣಯ ಮತಕ್ಕೆ ಬಂದಾಗ ವಿರೋಧಿಸಿದ್ದು ಎರಡೇ ದೇಶ, ಅಮೆರಿಕ ಮತ್ತು ಇಸ್ರೇಲ್. 2018ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಫಿಲಿಪ್ ಆಲ್ಸ್‌ಟನ್ ಬ್ರಿಟನ್ನಿಗೆ ಬಂದು ಊರೂರು ಸುತ್ತಿ, ಇಲ್ಲಿನ ಬಡತನ ಸರ್ಕಾರದ ಆಯ್ಕೆಯ ಫಲ ಎಂಬರ್ಥದ ವರದಿ ಕೊಟ್ಟಾಗ ಮಂತ್ರಿಗಳಿಗೆ ಸಿಟ್ಟು ಬಂತು. ಮಿಕ್ಕ ದೇಶಗಳಿಗೆ ಪಾಠ ಹೇಳಿ ಅಭ್ಯಾಸವಿದ್ದವರಿಗೆ ಸಿಟ್ಟು ಬರುವುದು ಸಹಜ.

ನಮ್ಮಲ್ಲಿ 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಹಸಿದಿರುವುದು ಹೇಗೆ ಎಂಬುದು ಅದರ ಪ್ರಶ್ನೆ. ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕು ಎಂಬ ಆದೇಶ ಬಂದದ್ದು ಆ ಮೊಕದ್ದಮೆಯಿಂದ. 2013ರಲ್ಲಿ ಆಹಾರ ಭದ್ರತಾ ಕಾಯ್ದೆಯೇ ಆಯಿತು. ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ. ಭಾರತದಲ್ಲಿ ಹಸಿವು ಬ್ರಿಟನ್ನಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಅಪೌಷ್ಟಿಕ ಮಕ್ಕಳ ಲೆಕ್ಕ ತೆಗೆದರೆ ತಲೆ ತಗ್ಗಿಸಬೇಕು. ಹೆಬ್ಬೆರಳ ಗುರುತು ಯಂತ್ರಕ್ಕೆ ಸಿಗಲಿಲ್ಲವೆಂದು ಬರಿಗೈಯಲ್ಲಿ ವಾಪಸಾಗುವ ಮುದುಕಿಯರು ಇದ್ದಾರೆ. ಆದರೂ ಅವಳು ವಾಪಸಾಗುವಾಗ ಅನ್ಯಾಯವಾಯಿತು ಎನ್ನುತ್ತಾಳೆ, ಸಾರಿ ಎನ್ನುವುದಿಲ್ಲ. ಆಹಾರದ ಕೊರತೆಯಿಂದಲ್ಲ, ಆಹಾರದ ಮೇಲೆ ಜನರಿಗೆ ಅಧಿಕಾರವಿಲ್ಲದ್ದರಿಂದ ಕ್ಷಾಮ ಬರುತ್ತದೆ ಎಂದು ಅಮರ್ತ್ಯ ಸೇನ್ 1981ರಲ್ಲೇ ಬರೆದರು. ಅವರು ಉದಾಹರಣೆಯಾಗಿ ಎತ್ತಿಕೊಂಡದ್ದು ಬಂಗಾಳ, ಇಥಿಯೋಪಿಯಾಗಳನ್ನು. ನಮ್ಮ ಚರ್ಚಿನಿಂದ ನಾಲ್ಕು ನಿಮಿಷ ನಡೆದರೆ ಸಿಗುವ ಸೂಪರ್ ಮಾರ್ಕೆಟ್ಟಿನಲ್ಲಿ ಬರೀ ಬ್ರೆಡ್ಡಿಗೇ ಒಂದು ಸಾಲಿದೆ.

ಈ ಮಾರ್ಕೆಟ್ಟಿನಲ್ಲಿ ಉಳಿದದ್ದನ್ನು ನಮಗೆ ಕೊಡುತ್ತಾರೆ. ಫ್ರಾನ್ಸಿನಲ್ಲಿ 2016ರಿಂದ ದೊಡ್ಡ ಅಂಗಡಿಗಳು ತಿನ್ನಬಹುದಾದ ಆಹಾರವನ್ನು ಹಾಳುಮಾಡಬಾರದು, ದಾನ ಮಾಡಬೇಕು ಎಂಬ ಕಾನೂನೇ ಇದೆ. ಎಸೆಯುವುದಕ್ಕಿಂತ ಇದು ಮೇಲು, ಯಾರು ಬೇಡವೆಂದರು. ಆದರೆ ಮಿಕ್ಕ ಅನ್ನವನ್ನು ಹಿತ್ತಲ ಬಾಗಿಲಲ್ಲಿ ಹಾಕುವ ನಮ್ಮ ಹಳೆಯ ಪದ್ಧತಿಗೂ ಇದಕ್ಕೂ ಎಷ್ಟು ಅಂತರ ಎಂದು, ನಾಳೆಗೆ ಅವಧಿ ಮುಗಿಯುವ ಮೊಸರಿನ ಡಬ್ಬಿಗಳನ್ನು ಜೋಡಿಸುವಾಗ ನನಗೆ ಅನ್ನಿಸುತ್ತದೆ.

ಮಕ್ಕಳ ಊಟದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಮೊದಲ ಮೂರು ತರಗತಿಗಳಿಗೆ ಎಲ್ಲರಿಗೂ ಊಟ ಉಚಿತ, 2014ರಿಂದ. ಅದರ ಮೇಲೆ, ನೆರವು ಪಡೆಯುವ ಮನೆಯ ದುಡಿಮೆ ವರ್ಷಕ್ಕೆ 7,400 ಪೌಂಡಿಗಿಂತ ಕಡಿಮೆ ಇದ್ದರೆ ಮಾತ್ರ ಎಂದು 2018ರಲ್ಲಿ ಗೆರೆ ಎಳೆದರು. 2020ರಲ್ಲಿ ರಜೆಯಲ್ಲೂ ಬಡ ಮಕ್ಕಳಿಗೆ ಊಟದ ವೋಚರು ಕೊಡಿ ಎಂದು ಮಾರ್ಕಸ್ ರ‍್ಯಾಶ್‌ಫರ್ಡ್ ಎಂಬ 22 ವರ್ಷದ ಫುಟ್ಬಾಲ್ ಆಟಗಾರ ಸಂಸದರಿಗೆ ಬಹಿರಂಗ ಪತ್ರ ಬರೆದ. ಆಗುವುದಿಲ್ಲ ಎಂದಿದ್ದ ಸರ್ಕಾರ ಮರುದಿನವೇ ಒಪ್ಪಿತು. ಅವನೂ ಇಂಥ ಊಟ ಉಂಡು ಬೆಳೆದ ಮ್ಯಾಂಚೆಸ್ಟರ್ ಹುಡುಗ. ಒಬ್ಬ ಆಟಗಾರ ಕೇಳಬೇಕಾಯಿತಲ್ಲ ಎಂದು ಬೇಸರ, ಕೇಳಿದನಲ್ಲ ಎಂದು ಸಂತೋಷ. ವೇಲ್ಸಿನಲ್ಲಿ ಈಗ ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಊಟವಿದೆ. ನಮ್ಮ ಅಕ್ಷರ ದಾಸೋಹದಲ್ಲಿ ಅಪ್ಪನ ಆದಾಯ ಕೇಳಿ ಅನ್ನ ಬಡಿಸುವುದಿಲ್ಲ ಎಂದು ಇಲ್ಲಿನ ಒಬ್ಬ ಟೀಚರಿಗೆ ಹೇಳಿದೆ. ತನ್ನ ಡ್ರಾಯರಿನಲ್ಲಿ ಸದಾ ಒಂದು ಬ್ರೆಡ್ ಪೊಟ್ಟಣ ಇಟ್ಟುಕೊಳ್ಳುವ ಆಕೆ ‘ದಾಸೋಹ’ ಎಂಬ ಪದವನ್ನು ಎರಡು ಸಲ ಹೇಳಿಸಿಕೊಂಡು ಬರೆದುಕೊಂಡಳು.

ಕಳೆದ ನವೆಂಬರಿನಲ್ಲಿ ಒಬ್ಬ ಹುಡುಗ ಬಂದ. ಚೀಟಿ ಬರೆದದ್ದು ವಿಶ್ವವಿದ್ಯಾಲಯದ ಸಲಹಾ ವಿಭಾಗ. ಹೆಸರು ನೋಡಿದ ಕೂಡಲೇ ನಮ್ಮ ಕಡೆಯವನೆಂದು ತಿಳಿಯಿತು. ‘ಊಟ ಆತೇನ್ರಿ?’ ಎನ್ನುವುದು ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಆ ಜಾಗದಲ್ಲಿ ಅದು ಕುಶಲಪ್ರಶ್ನೆಯಾಗಿ ಕೇಳುವುದಿಲ್ಲ. ಸುಮ್ಮನೆ ‘ಯಾವೂರು?’ ಎಂದೆ. ಅವನು ಇಂಗ್ಲಿಷಿನಲ್ಲಿ ‘ಇಂಡಿಯಾ’ ಎಂದ. ನಾನು ಮತ್ತೆ ಕನ್ನಡ ಆಡಲಿಲ್ಲ. ವಿದ್ಯಾರ್ಥಿ ವೀಸಾದವರಿಗೆ ಸರ್ಕಾರಿ ನೆರವಿನ ಮೇಲೆ ಹಕ್ಕಿಲ್ಲ ಎಂದು ವೀಸಾದಲ್ಲೇ ಇರುತ್ತದೆ. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಅವನಿಗೆ ಆ ತಿಂಗಳು ಅಂಗಡಿಯವರು ಪಾಳಿಯನ್ನೇ ಕೊಟ್ಟಿರಲಿಲ್ಲ. ಈ ಪೆಟ್ಟಿಗೆ ಒಯ್ದರೆ ವೀಸಾಕ್ಕೆ ತೊಂದರೆಯಾಗುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಫುಡ್ ಬ್ಯಾಂಕು ಸರ್ಕಾರದ್ದಲ್ಲ, ಇದು ಆ ನೆರವಿನ ಪಟ್ಟಿಯಲ್ಲಿ ಬರುವುದಿಲ್ಲ, ಧೈರ್ಯವಾಗಿ ಒಯ್ಯಿ ಎಂದೆ. ಓದುತ್ತಿರುವ ಹುಡುಗರು ಹುಡುಗಿಯರು ಇದನ್ನು ಓದುತ್ತಿದ್ದರೆ ಇದನ್ನು ಗೆಳೆಯರಿಗೂ ತಿಳಿಸಿ. ಈ ಒಂದು ಭಯದಿಂದ ಹಸಿದು ಮಲಗುವವರು ಇದ್ದಾರೆ. ಅವನು ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಬೆನ್ನಿನ ಚೀಲಕ್ಕೆ ತುಂಬಿಕೊಂಡು, ಖಾಲಿ ರಟ್ಟಿನ ಪೆಟ್ಟಿಗೆಯನ್ನು ಮಡಚಿ ವಾಪಸು ಕೊಟ್ಟು ಹೋದ. ನಮ್ಮ ಪೊಟ್ಟಣದ ಗುರುತು ರಸ್ತೆಯಲ್ಲಿ ಯಾರಿಗೂ ಕಾಣಬಾರದಲ್ಲ.

ಎರಡು ವಾರದ ನಂತರ ಪಕ್ಕದ ನಗರದ ಗುರುದ್ವಾರದಲ್ಲಿ ಸಿಕ್ಕ. ನಾನು ಹೋದದ್ದು ಪಂಜಾಬಿ ಸಹೋದ್ಯೋಗಿಯೊಬ್ಬರ ಜೊತೆ. ಲಂಗರಿನ ಪಂಕ್ತಿಯಲ್ಲಿ ತಲೆಗೆ ಕಿತ್ತಳೆ ಬಟ್ಟೆ ಕಟ್ಟಿಕೊಂಡು, ದಾಲ್‌ಗೆ ರೊಟ್ಟಿ ಅದ್ದಿ ತಿನ್ನುತ್ತಿದ್ದವನು ನನ್ನನ್ನು ನೋಡಿ ತಾನೇ ಕೈಯೆತ್ತಿ ‘ಬರ್ರಿ, ಇಲ್ಲೇ ಕೂಡ್ರಿ’ ಎಂದ. ಹಾವೇರಿ ಹತ್ತಿರದ ಹಳ್ಳಿ, ಅಪ್ಪ ಎರಡು ಎಕರೆ ಮಾರಿದ್ದಾರೆ, ಎಂಎಸ್ಸಿ ಡಾಟಾ ಸೈನ್ಸ್. ಮಠದ ಊಟದ ಸುದ್ದಿ ಬಂತು, ಗೋಧಿ ಹುಗ್ಗಿಯ ಸುದ್ದಿ ಬಂತು. ಬಡಿಸುವವರು ಎರಡನೆಯ ಸುತ್ತು ಬಂದಾಗ ಅವನು ‘ಇನ್ನಷ್ಟು ಹಾಕ್ರಿ’ ಎಂದು ಕನ್ನಡದಲ್ಲೇ ಹೇಳಿ ತಟ್ಟೆ ಮುಂದೆ ಹಿಡಿದ. ಸರದಾರಜಿಗೆ ಅರ್ಥವಾಯಿತು. ಅಲ್ಲಿ ಚೀಟಿ ಕೇಳುವವರಿಲ್ಲ, ಹಸಿದವರೂ ಹಸಿಯದವರೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಎದುರಿಗೆ ಒಬ್ಬ ಕೋಟಿನ ವಕೀಲ, ಪಕ್ಕದಲ್ಲಿ ಒಬ್ಬ ಗೋರಾ ಮುದುಕ ತನ್ನ ನಾಯಿಯನ್ನು ಹೊರಗೆ ಕಟ್ಟಿ ಬಂದಿದ್ದ. ಲಂಗರೂ ಧರ್ಮದ ಕೆಲಸವೇ, ಹಕ್ಕಲ್ಲ, ನಿಜ. ನಾಳೆ ಗುರುದ್ವಾರ ಬಾಗಿಲು ಹಾಕಿದರೆ ಯಾರೂ ಕೋರ್ಟಿಗೆ ಹೋಗಲಾರರು. ಆದರೆ ಆ ಹುಡುಗನಿಗೆ ಯಾವೂರೆಂದು ಹೇಳಲು ಆದದ್ದು ಅಲ್ಲಿ.

ಟ್ರಸೆಲ್ ಸಂಸ್ಥೆಯವರು ತಮ್ಮ ಗುರಿ ಫುಡ್ ಬ್ಯಾಂಕುಗಳ ಅಗತ್ಯವೇ ಇಲ್ಲದ ದೇಶ ಎಂದು ಬಹಿರಂಗವಾಗಿ ಬರೆದುಕೊಂಡಿದ್ದಾರೆ. ತನ್ನ ಅಂಗಡಿ ಮುಚ್ಚಲಿ ಎಂದು ಹಾರೈಸುವ ಸಂಸ್ಥೆಗಳು ಅಪರೂಪ, ಆ ಮಟ್ಟಿಗೆ ಅವರ ಮೇಲೆ ನನಗೆ ಗೌರವವಿದೆ. ನಮ್ಮ ಹಾಲಿನ ಸಮಿತಿಯಲ್ಲೂ ಎಲ್ಲರೂ ಹಾಗೇ ಮಾತಾಡುತ್ತೇವೆ. ಕಳೆದ ತಿಂಗಳು ಸಭೆ ಸೇರಿದಾಗ ಪ್ಲಾಸ್ಟಿಕ್ ಕ್ರೇಟುಗಳು ಮುರಿಯುತ್ತಿವೆ, ಡಬ್ಬಿಗಳ ಭಾರ ತಡೆಯುವುದಿಲ್ಲ ಎಂಬ ವಿಷಯ ಬಂತು. ಖಜಾಂಚಿ ಮೂರು ಕಡೆಯ ದರಪಟ್ಟಿ ತಂದಿದ್ದರು. ಸ್ವಲ್ಪ ದುಬಾರಿಯಾದರೂ ಉಕ್ಕಿನ ಶೆಲ್ಫುಗಳನ್ನೇ ತರಿಸುವುದು ಎಂದಾಯಿತು. ಹತ್ತು ವರ್ಷದ ಗ್ಯಾರಂಟಿ ಇದೆಯಂತೆ.